ಅಭಿಪ್ರಾಯದ ಪುಸ್ತಕ

ಕೆಮ್ಮಣ್ಣುಗುಂಡಿಯ ತುದಿಯಲ್ಲಿ ನನ್ನನ್ನು ನಿಲ್ಲಿಸಿಕೊಂಡು
ಇವರು ಬೆಟ್ಟ ನೋಡಿದ್ದು ಒಂದು ಬೀಡಿ ಮುಗಿಯುವಷ್ಟು ಹೊತ್ತು.
ಬೀಡಿ ಬಿಟ್ಟು ಹನ್ನೆರಡು ವರ್ಷ; ಅಳತೆ ಮಾತ್ರ ಬಿಟ್ಟಿಲ್ಲ.
"ಚೆನ್ನಾಗಿದೆ" ಅಂದರು,
ಪಕ್ಕದ ಮನೆಯವರ ಹೊಸ ಸೋಫಾ ನೋಡಿ ಅನ್ನುವ ಹಾಗೆ.
ಕೆಳಗೆ ಕಣಿವೆ ತುಂಬ ಮಂಜು ಏಳುತ್ತಿತ್ತು.
ಮಂಡಕ್ಕಿ ಭಟ್ಟಿಯ ಹೊಗೆಯಂತೆ, ಅಂದೆ ನಾನು;
ದಾವಣಗೆರೆಯವಳು ಬೇರೆ ಹೋಲಿಕೆ ಎಲ್ಲಿಂದ ತರಲಿ?

ಮೂವತ್ತೊಂದು ವರ್ಷ ಹತ್ತಿ ಗಿರಣಿಯಲ್ಲಿ ಫಿಟ್ಟರು.
ಗಿರಣಿ ಮುಚ್ಚಿದ ಸಂಜೆ ಸ್ಪ್ಯಾನರು ಮನೆಗೆ ತಂದು
ದೇವರ ಗೂಡಿನ ಕೆಳಗೆ ಇಟ್ಟವರು.
ಅದಾದ ಮೇಲೆ ಇದೇ ಮೊದಲ ರಜೆ.
ಕೆಲಸವೇ ಇಲ್ಲದವನಿಗೆ ರಜೆ ಎಂಥದು ಎಂದು
ಬಸ್ಸು ತರೀಕೆರೆ ದಾಟುವವರೆಗೂ ಗೊಣಗಿದ್ದರು.

ಎರಡನೇ ದಿನ, ಚಿಕ್ಕಮಗಳೂರಿನ ಹೊರಗೆ,
ಹಳೆಯ ಕಾಫಿ ಕ್ಯೂರಿಂಗ್ ಶೆಡ್ಡು. ಈಗ ಮ್ಯೂಸಿಯಂ.
ತಲೆಗೆ ನಲವತ್ತು, ಹಿರಿಯರಿಗೆ ಅರ್ಧ.
ಒಳಗೆ ಕಾಲಿಟ್ಟಿದ್ದೇ ಇವರ ನಡಿಗೆ ಬದಲಾಯಿತು:
ಮಂಡಿನೋವು ಮರೆತು, ಬೆನ್ನ ಹಿಂದೆ ಕೈ ಕಟ್ಟಿ,
ಪಾಳಿ ಬದಲಾಗುವಾಗ ಮೇಸ್ತ್ರಿ ನಡೆಯುವ ಹಾಗೆ.
ಸಿಪ್ಪೆ ಸುಲಿಯುವ ಯಂತ್ರ, ಹೊಸದಾಗಿ ಹಸಿರು ಬಣ್ಣ.
"ಗ್ರೀಸ್ ಹಾಕುವ ತೂತಿಗೂ ಬಣ್ಣ ಬಳಿದಿದ್ದಾರಲ್ಲೇ," ಅಂದರು,
ಕೂಸಿನ ಬಾಯಿಗೆ ಬಟ್ಟೆ ತುರುಕಿದ್ದನ್ನು ಕಂಡವರ ದನಿಯಲ್ಲಿ.
ಮುಟ್ಟಬೇಡಿ ಎಂದ ಕಾವಲಿನ ಮೊಯ್ದಿನಬ್ಬ.
ಮುಟ್ಟಲಿಲ್ಲ. ಕಿವಿ ಕೊಟ್ಟರು.
ಕಬ್ಬಿಣಕ್ಕೂ ಕಿವಿಗೂ ನಡುವೆ ಒಂದು ಕಾಗದ ತೂರುವಷ್ಟು ಜಾಗ.
ಮೊಯ್ದಿನಬ್ಬ ನನ್ನ ಮುಖ ನೋಡಿದ.
ನಾನು ಗೋಡೆ ನೋಡಿದೆ.

ಗೋಡೆಯ ಮೇಲೊಂದು ಫೋಟೋ.
ಉದ್ದನೆಯ ಮೇಜು, ಎರಡೂ ಕಡೆ ಹೆಂಗಸರು,
ತಲೆ ಬಗ್ಗಿಸಿ ಬೀಜ ಆರಿಸುವವರು. ಎಣಿಸಿದೆ, ಮೂವತ್ತೇಳು.
ಒಬ್ಬಳು ಮಾತ್ರ ತಲೆ ಎತ್ತಿದ್ದಾಳೆ; ಅಲುಗಿ ಮುಖ ಮಸುಕಾಗಿದೆ.
ಯಂತ್ರಕ್ಕಾದರೆ ಹಿತ್ತಾಳೆ ಫಲಕ:
ಹೆಸರು, ಊರು, ಇಸವಿ, ನಂಬರು.
ಇವರಿಗೆ ಒಂದೇ ಸಾಲು: ಆರಿಸುವ ವಿಭಾಗ.

ವಿವರ ಹೇಳುವ ಹುಡುಗಿ ಲವೀನಾ
ಮೇಜಿನ ಮೇಲೆ ಒಂದು ಬೊಗಸೆ ಬೀಜ ಸುರಿದು
"ಆಂಟೀ, ಮೂರು ನಿಮಿಷ, ಸುಮ್ಮನೆ ಆಟ" ಎಂದಳು.
ಕಪ್ಪು, ಒಡಕು, ಹುಳುಕು ಈಚೆ; ಒಳ್ಳೆಯದು ಆಚೆ.
ಮದುವೆಗೆ ಮುಂಚೆ ಭಟ್ಟಿಯಲ್ಲಿ ಆರು ವರ್ಷ
ಸೀದ ಮಂಡಕ್ಕಿ ಆರಿಸಿದವಳು ನಾನು.
ಅದು ಅವಳಿಗೆ ಗೊತ್ತಿಲ್ಲ. ನನಗೂ ಅಷ್ಟಾಗಿ ನೆನಪಿರಲಿಲ್ಲ.
ಬೆರಳಿಗೆ ನೆನಪಿತ್ತು.
ಗಡಿಯಾರ ನೋಡುತ್ತಿದ್ದವಳು ಗಡಿಯಾರ ಬಿಟ್ಟು ನನ್ನ ಕೈ ನೋಡಿದಳು.
"ಆಗ ಇವರಿಗೆ ಕೂಲಿ ಎಷ್ಟಮ್ಮಾ?" ಕೇಳಿದೆ.
ಅವಳ ಕಾಗದದಲ್ಲಿ ಅದು ಇರಲಿಲ್ಲ.
ಟನ್ನುಗಳ ಲೆಕ್ಕ ಇತ್ತು.

ಹೊರಡುವಾಗ ಅಭಿಪ್ರಾಯದ ಪುಸ್ತಕ ಚಾಚಿದರು.
ಮೇಲೆಲ್ಲ ಸೂಪರ್, ಸಖತ್, ಮಕ್ಕಳು ಬರೆದ ಹೃದಯದ ಚಿತ್ರ.
ಇವರು ಕನ್ನಡಕ ಒರೆಸಿಕೊಂಡು ಬರೆದರು:
"ಮೂರನೇ ಮೆಷೀನಿನ ಬೆಲ್ಟು ಉಲ್ಟಾ ಹಾಕಿದೆ. ಸರಿಪಡಿಸಬೇಕು."
ಕೆಳಗೆ ಸಹಿ. ಸಹಿಯ ಕೆಳಗೆ ಟೋಕನ್ ನಂಬರು,
ಗಿರಣಿಯದು.
ಪೆನ್ನು ನನ್ನ ಕೈಗೆ ಬಂತು. ನಾನು ಏನು ಬರೆದೆ ಅನ್ನುವುದನ್ನು
ಇವರಿಗೆ ಇನ್ನೂ ಹೇಳಿಲ್ಲ.

ಮೂರನೇ ಬೆಳಗ್ಗೆ ಮತ್ತೆ ಗುಡ್ಡ. ಸೊಂಟದೆತ್ತರ ಹುಲ್ಲಿನಲ್ಲಿ
ರೋಪ್‌ವೇ ಕಂಬ ಹುಡುಕುತ್ತ ಹೋದೆವು.
ಒಂದು ಕಾಲಕ್ಕೆ ಅದಿರು ಇಲ್ಲಿಂದ ತೊಟ್ಟಿಲಲ್ಲಿ ಕೂತು
ತೂಗುತ್ತ ಇಳಿಯುತ್ತಿತ್ತಂತೆ.
ಕಂಬ ಸಿಗಲಿಲ್ಲ. ಒಂದು ಬೋಲ್ಟು ಸಿಕ್ಕಿತು,
ತುಕ್ಕಿಗೂ ಮಣ್ಣಿಗೂ ಒಂದೇ ಬಣ್ಣ.
ತಿರುಗಿಸಿ ನೋಡಿ, "ಮುಕ್ಕಾಲು ಇಂಚು" ಎಂದು
ಸಿಕ್ಕಿದಲ್ಲೇ ಇಟ್ಟರು.

ಆಮೇಲೆ, ನಾನು ಹೇಳದೆಯೇ, ಕಲ್ಲಿನ ಮೇಲೆ ಕೂತು
ಬೆಟ್ಟ ನೋಡಿದರು,
ನಾಲ್ಕು ಬೀಡಿಯಷ್ಟು ಹೊತ್ತು. ಐದೂ ಇರಬಹುದು.
ನನ್ನ ಬೆರಳು ಹುಲ್ಲಿನಲ್ಲಿ
ಏನನ್ನೋ ಆರಿಸುತ್ತಲೇ ಇತ್ತು.